ರಸ್ತೆಗೂ ಟ್ರ್ಯಾಕ್‌ಗೂ ಒಂದೇ ಕಾರು: ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾರವಿಡೀ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಕಚೇರಿಗೆ ಹೋಗಿಬರುವ ಕಾರನ್ನೇ ವರ್ಷಕ್ಕೆ ನಾಲ್ಕಾರು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೋ ಓಡಿಸಿಕೊಂಡು ಹೋಗುವ ಬೆಂಗಳೂರಿನವರು ಕೇಳುತ್ತಲೇ ಬಂದಿರುವ ಪ್ರಶ್ನೆಗಳಿವು. ಕೆಲವು ಗ್ಯಾರೇಜಿನಲ್ಲಿ ಚಹಾ ಕುಡಿಯುವಾಗ ಕೇಳಿದವು, ಕೆಲವು ಪತ್ರದಲ್ಲಿ ಬಂದವು, ಕೆಲವು ಪಿಟ್‌ನಲ್ಲಿ ಬೆವರು ಒರೆಸಿಕೊಳ್ಳುತ್ತ ಕೇಳಿದವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಅನ್ನು ಚಿಕ್ಕದಾಗಿ ಎಲ್‌ಎಸ್‌ಡಿ ಎನ್ನುತ್ತಾರೆ.

## ಮೊದಲಿಗೆ

ಸರ್, ಡಿಫರೆನ್ಷಿಯಲ್ ಯಾಕೆ ಬೇಕು? ಎರಡು ಚಕ್ರಕ್ಕೂ ಒಂದೇ ಆಕ್ಸಲ್ ಹಾಕಿಬಿಟ್ರೆ ಆಗಲ್ವಾ?

ಡಿಫರೆನ್ಷಿಯಲ್ ಎಂದರೆ ಎಂಜಿನ್ನಿನ ಬಲವನ್ನು ಎಡ-ಬಲ ಚಕ್ರಗಳಿಗೆ ಹಂಚುತ್ತ, ಅವು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ. ಅದಿಲ್ಲದೆಯೂ ಆಗುತ್ತದೆ; ಗೋ-ಕಾರ್ಟ್‌ನಲ್ಲಿರುವುದು ಅದೇ. ಅದರ ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದಿರುತ್ತವೆ. ತಿರುವಿನಲ್ಲಿ ಒಳಗಿನ ಹಿಂಚಕ್ರ ನೆಲದಿಂದ ತುಸು ಮೇಲೇಳುವಂತೆ ಕಾರ್ಟ್‌ನ ಚೌಕಟ್ಟನ್ನು ರೂಪಿಸಿರುವುದರಿಂದ ಅದು ತಿರುಗಬಲ್ಲದು. ಸಾವಿರ ಕಿಲೋಗ್ರಾಂ ಮೀರಿದ ಕಾರಿಗೆ ಈ ಉಪಾಯ ನಡೆಯುವುದಿಲ್ಲ. ಚಕ್ರಗಳ ನಡುವಿನ ಅಂತರ ಒಂದೂವರೆ ಮೀಟರ್ ಇರುವ ಕಾರು ತೊಂಬತ್ತು ಡಿಗ್ರಿ ತಿರುಗಿದರೆ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 2.36 ಮೀಟರ್ ಹೆಚ್ಚು ಉರುಳಬೇಕು. ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ ಇರುತ್ತದೆ; ಯು-ಟರ್ನ್ ಆದರೆ ಅದರ ಎರಡರಷ್ಟು. ಡಿಫರೆನ್ಷಿಯಲ್ ಇಲ್ಲದಿದ್ದರೆ ಆ ವ್ಯತ್ಯಾಸವನ್ನು ಟೈರು ನೆಲಕ್ಕೆ ಉಜ್ಜಿಕೊಂಡು ತೀರಿಸಬೇಕಾಗುತ್ತದೆ.

ಹಾಗಾದ್ರೆ ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ತೊಂದರೆ ಎಲ್ಲಿದೆ?

ಮಳೆಗಾಲದಲ್ಲಿ ಬಡಾವಣೆಯ ಖಾಲಿ ಸೈಟಿನಲ್ಲಿ ಕಾರು ನಿಲ್ಲಿಸಿ ಸಿಕ್ಕಿಬಿದ್ದವರಿಗೆ ಇದು ಅನುಭವದಿಂದಲೇ ಗೊತ್ತು. ಒಂದು ಚಕ್ರ ಕೆಸರೆರಚುತ್ತ ಗಿರ್ರನೆ ತಿರುಗುತ್ತಿರುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಕದಲುವುದೇ ಇಲ್ಲ. ಟಾರ್ಕ್, ಅಂದರೆ ತಿರುಗಿಸುವ ಬಲ, ಎಲ್ಲವೂ ಜಾರುವ ಚಕ್ರಕ್ಕೆ ಹೋಗಿಬಿಡುತ್ತದೆ ಎಂದು ಹೇಳುವುದು ರೂಢಿ, ಆದರೆ ಅದು ಸರಿಯಲ್ಲ. ಮಾಮೂಲಿ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಹೆಚ್ಚುಕಡಿಮೆ ಸಮನಾದ ಟಾರ್ಕನ್ನೇ ಕೊಡುತ್ತದೆ, ಮತ್ತು ಆ ಪಾಲು ಎಷ್ಟೆಂಬುದನ್ನು ಹಿಡಿತ ಕಡಿಮೆಯಿರುವ ಚಕ್ರ ನಿರ್ಧರಿಸುತ್ತದೆ. ಟ್ರ್ಯಾಕ್‌ನಲ್ಲಿ ಕೆಸರಿನ ಜಾಗಕ್ಕೆ ಬರುವುದು ಒಳಚಕ್ರ. ತಿರುವಿನಲ್ಲಿ ಕಾರಿನ ಭಾರ ಹೊರಗಡೆಗೆ ವಾಲಿ ಒಳಚಕ್ರ ಹಗುರಾಗುತ್ತದೆ; ಅದು ತಾಳುವಷ್ಟು ಟಾರ್ಕ್ ಮಾತ್ರ ಹೊರಚಕ್ರಕ್ಕೂ ಸಿಗುತ್ತದೆ.

ಥಾರ್‌ನಲ್ಲಿರೋ ಲಾಕಿಂಗ್ ಡಿಫರೆನ್ಷಿಯಲ್, ಎಲ್‌ಎಸ್‌ಡಿ ಎರಡೂ ಒಂದೇನಾ?

ಅಲ್ಲ. ಥಾರ್‌ನ ಹಿಂದಿನ ಆಕ್ಸಲ್‌ನಲ್ಲಿ ಬರುವ ಯಾಂತ್ರಿಕ ಲಾಕರ್, ಎರಡು ಚಕ್ರಗಳ ವೇಗದಲ್ಲಿ ದೊಡ್ಡ ಅಂತರ ಕಂಡಾಗ ತಾನಾಗಿ ಬೀಗ ಹಾಕಿಕೊಳ್ಳುತ್ತದೆ. ಫೋರ್ಸ್ ಕಂಪನಿಯ ಗೂರ್ಖಾದಲ್ಲಿ ಚಾಲಕನೇ ಬೀಗ ಹಾಕಬೇಕು. ಎರಡೂ ನಿಧಾನವಾಗಿ ಹಳ್ಳ ದಾಟುವ ಕೆಲಸಕ್ಕೆ ಮಾಡಿದವು. ಎಲ್‌ಎಸ್‌ಡಿ ಪೂರ್ತಿ ಬೀಗ ಹಾಕದೆ, ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಟ್ಟುಕೊಂಡೇ, ಹಿಡಿತವಿರುವ ಕಡೆಗೆ ಹೆಚ್ಚು ಟಾರ್ಕ್ ಸಾಗಿಸುತ್ತದೆ.

ನನ್ನ ಕಾರಿಗೆ ಎಲ್‌ಎಸ್‌ಡಿ ಬೇಕೋ ಬೇಡವೋ ಅಂತ ಹೇಗೆ ತಿಳ್ಕೊಳ್ಳೋದು?

ಒಳಚಕ್ರವನ್ನು ಕಣ್ಣಾರೆ ನೋಡಿ ತಿಳಿದುಕೊಳ್ಳಬೇಕು. ಈ ಪುಟದಲ್ಲಿ ಒಂದೇ ಉತ್ತರ ಓದುವ ವ್ಯವಧಾನವಿರುವವರು ಇದನ್ನು ಓದಿದರೆ ಸಾಕು.

ಎರಡನೇ ಗೇರಿನ ನಿಧಾನ ತಿರುವೊಂದನ್ನು ಆರಿಸಿಕೊಳ್ಳಿ. ಅದರಿಂದ ಹೊರಬರುವ ಜಾಗದಲ್ಲಿ ಗೆಳೆಯರೊಬ್ಬರನ್ನು ಸುರಕ್ಷಿತ ದೂರದಲ್ಲಿ ನಿಲ್ಲಿಸಿ, ಚಾಲನೆಯ ಚಕ್ರಗಳು ಕಾಣುವಂತೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ನಿನ ಸದ್ದು ಏರುತ್ತದೆ, ಆದರೆ ಕಾರು ಅದಕ್ಕೆ ತಕ್ಕಂತೆ ಮುಂದೆ ಹೋಗುವುದಿಲ್ಲ. ಒಳಗಿನ ಟೈರು ಹೊಗೆಯಾಡುತ್ತದೆ. ಡಾಂಬರಿನ ಮೇಲೆ ಎರಡು ಗೆರೆ ಮೂಡಬೇಕಾದಲ್ಲಿ ಒಳಗಡೆ ಒಂದೇ ಕಪ್ಪು ಗೆರೆ ಉಳಿಯುತ್ತದೆ. ಇಷ್ಟೂ ಕಂಡರೆ ಎಲ್‌ಎಸ್‌ಡಿಯಿಂದ ಲಾಭವಿದೆ. ಒಳಚಕ್ರ ಜಾರದೆ, ಕಾರು ತಿರುವಿನ ಹೊರಗೆ ಸರಿಯುತ್ತಿದೆ ಎಂಬುದಷ್ಟೇ ನಿಮ್ಮ ದೂರಾದರೆ ಅದಕ್ಕೆ ಮದ್ದು ಟೈರು, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಅಲೈನ್‌ಮೆಂಟ್‌ನಲ್ಲಿದೆ. ಡಿಫರೆನ್ಷಿಯಲ್ ಬದಲಿಸಿದರೆ ಆ ಕಾಯಿಲೆ ಇನ್ನಷ್ಟು ಬಿಗಡಾಯಿಸಲೂಬಹುದು.

ಖರ್ಚಿನ ಸರದಿಯ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಮೊದಲು ಒಳ್ಳೆಯ ಟೈರು, ಆಮೇಲೆ ಬ್ರೇಕ್ ಪ್ಯಾಡ್ ಮತ್ತು ಬ್ರೇಕ್ ಆಯಿಲ್, ಆಮೇಲೆ ಶಾಕ್ ಅಬ್ಸಾರ್ಬರ್. ಈ ಮೂರೂ ಆದಮೇಲೂ ಕಪ್ಪು ಗೆರೆ ಒಂದೇ ಬೀಳುತ್ತಿದ್ದರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚುವ ಮಾತು. ಟೈರು ಸವೆದ ಕಾರಿಗೆ ಎಲ್‌ಎಸ್‌ಡಿ ಹಾಕಿಸಿಕೊಂಡು ಬಂದವರನ್ನೂ ಕಂಡಿದ್ದೇನೆ. ಅವರ ಲ್ಯಾಪ್ ಸಮಯ ಬದಲಾಗಲಿಲ್ಲ, ಮಾತಿನ ಉತ್ಸಾಹ ಮಾತ್ರ ಏರಿತ್ತು.

ಬ್ರೋಷರ್‌ನಲ್ಲಿ ಎಕ್ಸ್‌ಡಿಎಸ್ ಇದೆ ಅಂತ ಬರೆದಿದಾರೆ, ಅದೇ ಎಲೆಕ್ಟ್ರಾನಿಕ್ ಎಲ್‌ಎಸ್‌ಡಿ ಅಲ್ವಾ?

ಹೆಸರಿನಿಂದ ಮೋಸಹೋಗಬೇಡಿ. ಫೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿರುವ ಎಕ್ಸ್‌ಡಿಎಸ್, ತಿರುವಿನಲ್ಲಿ ಹಗುರಾದ ಒಳಚಕ್ರಕ್ಕೆ ಬ್ರೇಕ್ ಹಾಕಿ ಅದರ ಜಾರಾಟವನ್ನು ತಡೆಯುವ ವ್ಯವಸ್ಥೆ. ಒಳಗಿರುವುದು ಮಾಮೂಲಿ ಡಿಫರೆನ್ಷಿಯಲ್ಲೇ. ನಂದಿಬೆಟ್ಟದ ರಸ್ತೆಗೆ ಅದು ಧಾರಾಳವಾಗಿ ಸಾಕು. ಟ್ರ್ಯಾಕ್‌ನಲ್ಲಿ ಮಾತ್ರ, ಪ್ರತಿ ತಿರುವಿಗೆ ಮುಂಚೆ ನೀವು ಜೋರಾಗಿ ಹಿಡಿದ ಅದೇ ಬ್ರೇಕ್ ತಿರುವಿನಿಂದ ಹೊರಬರುವಾಗಲೂ ದುಡಿಯಬೇಕಾಗುತ್ತದೆ, ತಣ್ಣಗಾಗಲು ಅದಕ್ಕೆ ಬಿಡುವೇ ಸಿಗುವುದಿಲ್ಲ. ಕರಿ ಟ್ರ್ಯಾಕ್ ಸುಮಾರು 2.1 ಕಿಲೋಮೀಟರ್ ಉದ್ದದ್ದು. ಅಷ್ಟು ಚಿಕ್ಕ ಸುತ್ತಿನಲ್ಲಿ ಇದರ ಬಿಸಿ ಬೇಗ ತಟ್ಟುತ್ತದೆ. ಗಾಲ್ಫ್ ಜಿಟಿಐಯ ಈಚಿನ ತಲೆಮಾರುಗಳಲ್ಲಿರುವುದು ಬೇರೆಯದೇ ಸಾಧನ: ಅಲ್ಲಿ ಮುಂದಿನ ಆಕ್ಸಲ್‌ನಲ್ಲಿ ಕಂಪ್ಯೂಟರ್ ಆಳುವ ನಿಜವಾದ ಕ್ಲಚ್ ಇದೆ. ಅಂಥ ಕಾರಿರುವವರು ಈ ಪುಟದ ಉಳಿದ ಭಾಗವನ್ನು ಕುತೂಹಲಕ್ಕಾಗಿ ಓದಬಹುದು.

## ಬಗೆಗಳು ಮತ್ತು ಆಯ್ಕೆ

ಪ್ಲೇಟ್ ಟೈಪಾ, ಹೆಲಿಕಲಾ? ಒಂದೇ ಮಾತಲ್ಲಿ ಹೇಳಿಬಿಡಿ ಅಣ್ಣ.

ಮುಂಚಕ್ರ ಚಾಲನೆಯ ಕಾರು, ದಿನವೂ ಓಡಿಸುವಂಥದು, ವರ್ಷಕ್ಕೆ ನಾಲ್ಕಾರು ಟ್ರ್ಯಾಕ್ ದಿನ ಎಂದಾದರೆ ಹೆಲಿಕಲ್. ತಿರುವಿನಲ್ಲಿ ಚಾಲನೆಯ ಚಕ್ರ ಗಾಳಿಗೇಳುವ ಕಾರು, ಅಥವಾ ಸ್ಪರ್ಧೆಗೆಂದೇ ಕಟ್ಟಿದ ಕಾರಾದರೆ ಪ್ಲೇಟ್. ಒಂದೇ ಮಾತು ಇಷ್ಟೇ. ಆದರೆ ಕಾರಣ ತಿಳಿಯದೆ ಹಣ ಕೊಡಬಾರದು.

ಪ್ಲೇಟ್ ಬಗೆಯದರಲ್ಲಿ ಬೈಕಿನ ಕ್ಲಚ್‌ನಂತೆಯೇ ಒಂದರ ಪಕ್ಕ ಒಂದು ಜೋಡಿಸಿದ ಉಕ್ಕಿನ ತಟ್ಟೆಗಳಿರುತ್ತವೆ. ಎಂಜಿನ್ನಿನ ಟಾರ್ಕ್ ಹೆಚ್ಚಿದಷ್ಟೂ ತಟ್ಟೆಗಳು ಒಂದಕ್ಕೊಂದು ಒತ್ತಿಕೊಂಡು ಎಡ-ಬಲ ಚಕ್ರಗಳನ್ನು ಬೆಸೆಯುತ್ತವೆ. ಒಟ್ಟಾರೆ ಎಲ್‌ಎಸ್‌ಡಿಯ ವಂಶಾವಳಿ ಹಳೆಯದು: 1935ರಲ್ಲಿ ಫರ್ಡಿನಾಂಡ್ ಪೋರ್ಷೆ ತಮ್ಮ ಆಟೋ ಯೂನಿಯನ್ ರೇಸ್ ಕಾರಿನ ಒಳಚಕ್ರ ಸುಮ್ಮನೆ ಸುತ್ತುವುದನ್ನು ತಡೆಯಲು ಜರ್ಮನಿಯ ಜೆಡ್‌ಎಫ್ ಕಂಪನಿಯಿಂದ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಮಾಡಿಸಿಕೊಂಡಿದ್ದರು. ತೊಂಬತ್ತು ವರ್ಷಗಳ ಹಿಂದಿನ ಆ ದೂರು ಇವತ್ತಿನ ನಿಮ್ಮ ದೂರೇ.

ಹೆಲಿಕಲ್ ಬಗೆಯದರಲ್ಲಿ ತಟ್ಟೆಗಳಿಲ್ಲ, ಓರೆ ಹಲ್ಲಿನ ಗೇರುಗಳಿವೆ. ಟಾರ್ಕ್ ಹರಿಯುವಾಗ ಓರೆ ಹಲ್ಲು ಗೇರನ್ನು ಪಕ್ಕಕ್ಕೆ ತಳ್ಳುತ್ತದೆ, ಗೇರು ಕವಚಕ್ಕೆ ಒತ್ತಿಕೊಳ್ಳುತ್ತದೆ, ಆ ಘರ್ಷಣೆಯೇ ಹಿಡಿತವಿಲ್ಲದ ಚಕ್ರವನ್ನು ತಡೆಯುತ್ತದೆ. ಕ್ವೈಫ್ ಕಂಪನಿಯ ಎಟಿಬಿ ಈ ಜಾತಿಯದು, ಟಾರ್ಸನ್ ಕೂಡ ಇದೇ ಕುಲದ್ದು.

ಲೆಕ್ಕವೊಂದನ್ನು ಮಾಡಿ ನೋಡೋಣ. ತಿರುವಿನಲ್ಲಿ ನಿಮ್ಮ ಒಳಚಕ್ರ 300 ನ್ಯೂಟನ್ ಮೀಟರ್, ಹೊರಚಕ್ರ 900 ನ್ಯೂಟನ್ ಮೀಟರ್ ಟಾರ್ಕನ್ನು ಜಾರದೆ ತಾಳಬಲ್ಲವು ಎಂದುಕೊಳ್ಳಿ. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಎರಡಕ್ಕೂ 300ರಂತೆ ಒಟ್ಟು 600 ಮಾತ್ರ ನೆಲ ಮುಟ್ಟುತ್ತದೆ. ಹೆಲಿಕಲ್‌ಗೆ ಟಾರ್ಕ್ ಬಯಾಸ್ ಎಂಬ ಅನುಪಾತವಿರುತ್ತದೆ. ಅದು ಎರಡೂವರೆ ಎಂದಾದರೆ, ಒಳಚಕ್ರ ತಾಳುವುದರ ಎರಡೂವರೆಯಷ್ಟು, ಅಂದರೆ 750, ಹೊರಚಕ್ರಕ್ಕೆ ಹೋಗುತ್ತದೆ, ಒಟ್ಟು 1,050 ಆಗುತ್ತದೆ. ಈಗ ಅದೇ ಒಳಚಕ್ರ ಕರ್ಬ್ ಮೇಲೆ, ಅಂದರೆ ಟ್ರ್ಯಾಕ್ ಅಂಚಿನ ಉಬ್ಬಿನ ಮೇಲೆ, ಹತ್ತಿ ಗಾಳಿಯಲ್ಲಿ ತೂಗಿತು ಎನ್ನಿ. ಅದು ತಾಳುವುದು ಸೊನ್ನೆ. ಸೊನ್ನೆಯನ್ನು ಎರಡೂವರೆಯಿಂದ ಗುಣಿಸಿದರೂ ಸೊನ್ನೆಯೇ. ಹೆಲಿಕಲ್‌ನ ದೌರ್ಬಲ್ಯವೆಲ್ಲ ಈ ಒಂದು ಗುಣಾಕಾರದಲ್ಲಿದೆ. ಪ್ಲೇಟ್ ಬಗೆಯದರಲ್ಲಿ ಮೊದಲೇ ಕೊಟ್ಟಿರುವ ಒತ್ತಡ, ಅಂದರೆ ಪ್ರಿಲೋಡ್, ಇರುವುದರಿಂದ ಚಕ್ರ ಗಾಳಿಯಲ್ಲಿದ್ದಾಗಲೂ ಹೊರಚಕ್ರಕ್ಕೆ ತಳ್ಳಾಟ ಸಿಗುತ್ತದೆ.

ಆದರೂ ನಾನು ದಿನಬಳಕೆಯ ಕಾರಿಗೆ ಹೆಲಿಕಲ್ ಎನ್ನುವುದೇಕೆಂದರೆ, ಅದಕ್ಕೆ ಸವೆಯುವ ತಟ್ಟೆಯಿಲ್ಲ, ವಿಶೇಷ ಆಯಿಲ್ ಬೇಡ, ಸದ್ದಿಲ್ಲ, ಎಬಿಎಸ್ ಮತ್ತು ಕಾರು ಅಡ್ಡ ಜಾರದಂತೆ ಕಾಯುವ ಇಎಸ್‌ಪಿಯೊಡನೆ ತಕರಾರಿಲ್ಲ. ಮೆಜೆಸ್ಟಿಕ್‌ನ ದಟ್ಟಣೆಯಲ್ಲಿ ಅದು ಇದೆಯೆಂಬುದೇ ನೆನಪಾಗುವುದಿಲ್ಲ. ಸಾಧಾರಣ ಹ್ಯಾಚ್‌ಬ್ಯಾಕ್‌ಗಳಲ್ಲಿ ಜೋರು ತಿರುವಿನಲ್ಲಿ ಗಾಳಿಗೇಳುವುದು ಹೆಚ್ಚಾಗಿ ಒಳಗಿನ ಹಿಂಚಕ್ರ, ಅದಕ್ಕೆ ಚಾಲನೆಯೇ ಇಲ್ಲ. ಮುಂದಿನ ಒಳಚಕ್ರ ನೆಲಕ್ಕೆ ಅಂಟಿಕೊಂಡಿರುವವರೆಗೆ ಹೆಲಿಕಲ್ ತನ್ನ ಕೆಲಸ ಮಾಡುತ್ತಿರುತ್ತದೆ.

ಒನ್ ವೇ, ಒನ್ ಪಾಯಿಂಟ್ ಫೈವ್, ಟೂ ವೇ ಅಂತಾರಲ್ಲ, ಇದೇನು ಲೆಕ್ಕ?

ಇದು ಪ್ಲೇಟ್ ಬಗೆಯದಕ್ಕೆ ಮಾತ್ರ ಸಂಬಂಧಿಸಿದ ಮಾತು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬೆಸೆಯುವುದು ಒನ್ ವೇ. ಕಾಲು ತೆಗೆದು ಎಂಜಿನ್ ಬ್ರೇಕ್ ಆಗುವಾಗಲೂ ಅಷ್ಟೇ ಬಿಗಿಯಾಗಿ ಬೆಸೆಯುವುದು ಟೂ ವೇ. ಒತ್ತಿದಾಗ ಗಟ್ಟಿಯಾಗಿ, ಬಿಟ್ಟಾಗ ಮೆತ್ತಗೆ ಬೆಸೆಯುವುದು ಒನ್ ಪಾಯಿಂಟ್ ಫೈವ್.

ಬಿಟ್ಟಾಗ ಬೆಸೆಯುವುದರಿಂದ ಏನಾಗುತ್ತದೆ? ಬ್ರೇಕ್ ಹಿಡಿದು ತಿರುವಿಗೆ ನುಗ್ಗುವಾಗ ಕಾರು ನೆಟ್ಟಗೆ, ಸ್ಥಿರವಾಗಿ ಇರುತ್ತದೆ. ಆದರೆ ಮೂಗು ತಿರುಗಲು ಹಿಂದೇಟು ಹಾಕುತ್ತದೆ. ಹಾಗಾಗಿ ಮುಂಚಕ್ರ ಚಾಲನೆಯ ಕಾರಿಗೆ ಒನ್ ವೇ, ಅಥವಾ ಮೃದುವಾದ ಒನ್ ಪಾಯಿಂಟ್ ಫೈವ್ ಹೊಂದುತ್ತದೆ. ಹಿಂಚಕ್ರ ಚಾಲನೆಯ ಕಾರು ಬ್ರೇಕ್ ಹಿಡಿದಾಗ ಹಿಂಭಾಗ ತೂರಾಡುವಂಥದಾದರೆ ಒನ್ ಪಾಯಿಂಟ್ ಫೈವ್‌ನ ಸ್ಥಿರತೆ ವರದಾನ. ಟೂ ವೇಯನ್ನು ಡ್ರಿಫ್ಟ್ ಮಾಡುವವರಿಗೆ ಬಿಟ್ಟುಕೊಡಿ.

ಇರೋ ಡಿಫರೆನ್ಷಿಯಲ್ಲನ್ನೇ ವೆಲ್ಡ್ ಮಾಡಿಸಿಬಿಟ್ರೆ ಖರ್ಚೇ ಇಲ್ವಲ್ಲ?

ರಸ್ತೆಯ ಕಾರಿಗೆ ಬೇಡ. ಪ್ರತಿ ಯು-ಟರ್ನ್‌ನಲ್ಲೂ ಟೈರು, ಚಕ್ರವನ್ನು ತಿರುಗಿಸುವ ಡ್ರೈವ್‌ಶಾಫ್ಟ್, ಅದರ ತುದಿಯ ಸಿವಿ ಜಾಯಿಂಟ್ ಮೂರೂ ನರಳುತ್ತವೆ. ಬೆಸುಗೆ ಬಿರಿದು ಅದರ ಚೂರು ಹಲ್ಲುಗಳ ನಡುವೆ ಸಿಕ್ಕರೆ ಗೇರ್‌ಬಾಕ್ಸ್ ಅಲ್ಲಿಗೆ ಮುಗಿಯಿತು.

## ಬೆಂಗಳೂರಿನ ದಿನಬಳಕೆಯಲ್ಲಿ

ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ತಿರುಗಿಸುವಾಗ ಕಟಕಟ ಅನ್ನುತ್ತೆ. ಹಾಳಾಯ್ತಾ?

ಪ್ಲೇಟ್ ಬಗೆಯದಾದರೆ, ಹಾಳಾಗಿರಬೇಕೆಂದೇನಿಲ್ಲ. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಧಾನವಾಗಿ ತಿರುಗುವಾಗ ತಟ್ಟೆಗಳು ಅಂಟಿ, ಬಿಟ್ಟು, ಮತ್ತೆ ಅಂಟಿ ಬಿಡುವ ಸದ್ದು ಅದು. ಸ್ಪರ್ಧೆಗೆ ಮಾಡಿದ ಬಿಗಿಯಾದ ಎಲ್‌ಎಸ್‌ಡಿಗಳಲ್ಲಿ ಇದು ಸಹಜ. ಮೊದಲು ಇಲ್ಲದಿದ್ದ ಸದ್ದು ಈಗ ಬಂದಿದ್ದರೆ ಆಯಿಲ್ ನೋಡಬೇಕು.

ನನ್ನದೇ ಕಾರಿನ ಕಥೆ ಹೇಳುತ್ತೇನೆ. ಹಿಂಚಕ್ರ ಚಾಲನೆಯ ಹಳೆಯ ಸೆಡಾನ್, ಪ್ಲೇಟ್ ಎಲ್‌ಎಸ್‌ಡಿ. ಒಂದು ವರ್ಕ್‌ಶಾಪಿನಲ್ಲಿ ಸರ್ವಿಸ್‌ಗೆ ಬಿಟ್ಟಾಗ, ಹೇಳಿದ್ದರೂ ಮರೆತು, ಹಿಂದಿನ ಆಕ್ಸಲ್‌ಗೆ ಮಾಮೂಲಿ ಗೇರ್ ಆಯಿಲ್ ತುಂಬಿದರು. ಅಂದು ಸಂಜೆ ನಮ್ಮ ಬೇಸ್‌ಮೆಂಟಿನ ಸುತ್ತುಬಳಸಿನ ಇಳಿಜಾರಿನಲ್ಲಿ ಕಾರು ಮಗ್ಗದಂತೆ ಬಡಿದುಕೊಂಡಿತು. ಕಾವಲುಗಾರ ಟಾರ್ಚ್ ಹಿಡಿದು ಓಡಿಬಂದು, ಏನೋ ಕಳಚಿ ಬಿದ್ದಿದೆಯೆಂದು ಕಾರಿನಡಿ ಬಗ್ಗಿ ನೋಡಿದ. ಮಾರನೆಯ ದಿನ ಆ ಆಯಿಲ್ ಇಳಿಸಿ, ತಟ್ಟೆಗಳ ಘರ್ಷಣೆಯನ್ನು ಹದಗೊಳಿಸುವ ಫ್ರಿಕ್ಷನ್ ಮಾಡಿಫೈಯರ್ ಬೆರೆತ ಎಲ್‌ಎಸ್‌ಡಿ ಆಯಿಲ್ ತುಂಬಿ, ಖಾಲಿ ಮೈದಾನದಲ್ಲಿ ಹತ್ತಾರು ಬಾರಿ ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತಿಸಿದ ಮೇಲೆ ಸದ್ದು ಅಡಗಿತು. ಹೊಸ ಪ್ಲೇಟ್ ಎಲ್‌ಎಸ್‌ಡಿಯನ್ನು ಪಳಗಿಸುವುದೂ ಹೀಗೆಯೇ.

ಮುಂಚಕ್ರ ಚಾಲನೆಯ ಕಾರಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ತಟ್ಟೆಗಳಿಗೆ ಹಿತವಾದದ್ದು ಗೇರ್ ಸರಾಗವಾಗಿ ಬೀಳಿಸುವ ಸಿಂಕ್ರೋಮೆಶ್‌ನ ಹಿತ್ತಾಳೆಗೆ ಹಿತವಾಗಬೇಕೆಂದಿಲ್ಲ. ಜಿಎಲ್-5 ಎಂಬ ಗೇರ್ ಆಯಿಲ್ ದರ್ಜೆ ಬರೆದ ಡಬ್ಬಿಯನ್ನು ಕಣ್ಣುಮುಚ್ಚಿ ಸುರಿಯದೆ, ಎಲ್‌ಎಸ್‌ಡಿ ತಯಾರಕರು ಮತ್ತು ಕಾರು ತಯಾರಕರು ಇಬ್ಬರೂ ಒಪ್ಪುವ ಆಯಿಲ್ ಹುಡುಕಬೇಕು.

ಮಳೆಯಲ್ಲಿ ಎಲ್‌ಎಸ್‌ಡಿ ಇದ್ರೆ ಒಳ್ಳೇದಾ, ಅಪಾಯಾನಾ?

ಹಿಂಚಕ್ರ ಚಾಲನೆಯ ಕಾರಿಗೆ ಎಚ್ಚರ ಬೇಕು. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಒಂದು ಹಿಂಚಕ್ರ ಜಾರಿದರೂ ಇನ್ನೊಂದು ಕಾರಿನ ಹಿಂಭಾಗವನ್ನು ಹಿಡಿದಿಟ್ಟುಕೊಂಡಿರುತ್ತದೆ. ಎಲ್‌ಎಸ್‌ಡಿ ಇದ್ದಾಗ ಎರಡೂ ಒಟ್ಟಿಗೆ ಹಿಡಿತ ಬಿಡುತ್ತವೆ, ಕಾರು ಅಡ್ಡ ತಿರುಗುತ್ತದೆ. ಬೇಸಿಗೆಯಿಡೀ ಡಾಂಬರಿನ ಮೇಲೆ ಕೂತ ಎಣ್ಣೆ, ಧೂಳು ಏಪ್ರಿಲ್‌ನ ಮೊದಲ ಮಳೆಗೆ ನೆನೆದಾಗ ಫ್ಲೈಓವರ್ ಮೇಲೆ ಇದನ್ನು ಕಲಿಯುವುದು ಯಾರಿಗೂ ಬೇಡ. ಮುಂಚಕ್ರ ಚಾಲನೆಯಲ್ಲಿ ಭಯ ಕಡಿಮೆ. ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದರೆ ಸಾಮಾನ್ಯವಾಗಿ ಮರಳಿ ದಾರಿಗೆ ಬರುತ್ತದೆ. ಆದರೆ ಜೋರಾಗಿ ಒತ್ತಿದಾಗ ಸ್ಟೀರಿಂಗ್ ಒಂದು ಕಡೆಗೆ ಎಳೆಯುವುದು ಹೆಚ್ಚುತ್ತದೆ, ನಮ್ಮ ಉಬ್ಬುತಗ್ಗಿನ ರಸ್ತೆಗಳಲ್ಲಂತೂ ಎದ್ದು ಕಾಣುತ್ತದೆ. ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿಯುವ ಅಭ್ಯಾಸವನ್ನು ಬಿಡಬೇಕಾಗುತ್ತದೆ.

ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿದ್ರೆ ಏನಾದ್ರೂ ಆಗುತ್ತಾ?

ಸ್ಟೆಪ್ನಿ ಅದೇ ಅಳತೆಯದಾದರೆ ಚಿಂತೆಯಿಲ್ಲ. ಚಿಕ್ಕ ಅಳತೆಯ ಸ್ಟೆಪ್ನಿಯನ್ನು ಚಾಲನೆಯ ಆಕ್ಸಲ್‌ಗೆ ಹಾಕಿದರೆ, ನೇರ ರಸ್ತೆಯಲ್ಲೂ ಎರಡು ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಿ ಎಲ್‌ಎಸ್‌ಡಿ ಒಂದು ಕ್ಷಣವೂ ಬಿಡುವಿಲ್ಲದೆ ಉಜ್ಜುತ್ತಿರುತ್ತದೆ. ಮುಂಚಕ್ರ ಚಾಲನೆಯ ಕಾರಿನಲ್ಲಿ ಮುಂದಿನದು ಪಂಕ್ಚರ್ ಆದರೆ, ಹಿಂದಿನ ಒಳ್ಳೆಯ ಚಕ್ರವನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದೆ ಹಾಕಿ. ಬೆವರು ಹೆಚ್ಚು ಸುರಿಯುತ್ತದೆ, ಅಷ್ಟೇ. ಇನ್ನೊಂದು ಮುಖ್ಯ ಮಾತು: ಚಾಲನೆಯ ಒಂದೇ ಚಕ್ರವನ್ನು ಜ್ಯಾಕ್ ಮೇಲೆ ಎತ್ತಿ ಗೇರ್ ಹಾಕಿ ಎಂಜಿನ್ ಓಡಿಸಲೇಬಾರದು. ನೆಲದ ಮೇಲಿರುವ ಚಕ್ರಕ್ಕೂ ಟಾರ್ಕ್ ಹೋಗಿ ಕಾರು ಜ್ಯಾಕ್‌ನಿಂದ ಜಿಗಿಯಬಹುದು. ಟೈರ್ ಅಂಗಡಿಯ ಹುಡುಗರಿಗೆ ಇದನ್ನು ಮೊದಲೇ ಹೇಳಿ.

ಆರ್‌ಟಿಓ, ಇನ್ಶೂರೆನ್ಸ್‌ನವರು ತಕರಾರು ಮಾಡ್ತಾರಾ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ. ಎಂಜಿನ್, ಬಣ್ಣ, ಆಸನಗಳ ಸಂಖ್ಯೆ ಆ ಪತ್ರದಲ್ಲಿರುತ್ತವೆ, ಡಿಫರೆನ್ಷಿಯಲ್ ಇರುವುದಿಲ್ಲ. ಆದರೆ ವಿಮೆ ಬೇರೆ ವಿಷಯ. ಮಾರ್ಪಾಡನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಒಪ್ಪಿಗೆಯನ್ನು ಇಟ್ಟುಕೊಳ್ಳುವುದು ಕ್ಷೇಮ. ರೇಸ್ ಮತ್ತು ವೇಗಪರೀಕ್ಷೆಯ ಬಳಕೆಯನ್ನು ಸಾಮಾನ್ಯ ಪಾಲಿಸಿಗಳು ಹೊರಗಿಡುತ್ತವೆ. ಟ್ರ್ಯಾಕ್‌ನಲ್ಲಿ ಗೋಡೆಗೆ ಬಡಿದರೆ ಖರ್ಚು ನಿಮ್ಮದೇ ಎಂದುಕೊಂಡು ಹೊರಡಬೇಕು.

## ಅಳವಡಿಕೆ ಮತ್ತು ಆಮೇಲೆ

ಹಾಕಿಸುವಾಗ ಮೆಕ್ಯಾನಿಕ್ ಹತ್ರ ಏನೇನು ಕೇಳ್ಬೇಕು?

ಮೊದಲ ಪ್ರಶ್ನೆ, ಡಿಫರೆನ್ಷಿಯಲ್ಲನ್ನು ತಿರುಗಿಸುವ ದೊಡ್ಡ ಗೇರಾದ ಕ್ರೌನ್ ವೀಲ್ ಅನ್ನು ಹೇಗೆ ಬಿಗಿಯುತ್ತೀರಿ ಎಂಬುದು. ಕೆಲವು ಫೋಕ್ಸ್‌ವ್ಯಾಗನ್ ಗೇರ್‌ಬಾಕ್ಸ್‌ಗಳಲ್ಲಿ ಕ್ರೌನ್ ವೀಲನ್ನು ಡಿಫರೆನ್ಷಿಯಲ್‌ಗೆ ರಿವೆಟ್ ಹೊಡೆದಿರುತ್ತಾರೆ. ಆ ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆದು, ಗಟ್ಟಿ ದರ್ಜೆಯ ಬೋಲ್ಟ್ ಹಾಕಿ, ಟಾರ್ಕ್ ರೆಂಚ್‌ನಿಂದ ನಿಗದಿತ ಅಳತೆಗೆ ಬಿಗಿಯಬೇಕು. ಹಳೆಯ ಬೋಲ್ಟನ್ನೇ ಮತ್ತೆ ಹಾಕುತ್ತೇನೆ ಎಂದರೆ ಕಾರನ್ನು ಅಲ್ಲಿಂದ ತನ್ನಿ. ಒಂದು ಬೋಲ್ಟ್ ಸಡಿಲವಾದರೆ ಕೇಸಿಂಗ್ ಒಡೆದು ಆಯಿಲ್ ಟ್ರ್ಯಾಕ್ ಮೇಲೆ ಹರಿಯುತ್ತದೆ.

ಎರಡನೆಯದು ಬೇರಿಂಗ್. ಹೊಸ ಡಿಫರೆನ್ಷಿಯಲ್‌ನ ಮೈ ಹಳೆಯದಕ್ಕಿಂತ ಕೂದಲೆಳೆಯಷ್ಟು ಬೇರೆಯಿರಬಹುದು, ಆದ್ದರಿಂದ ಬೇರಿಂಗ್‌ನ ಬಿಗುವನ್ನು ಹೊಸದಾಗಿ ಅಳೆದು ಶಿಮ್, ಅಂದರೆ ತೆಳು ಲೋಹದ ಬಿಲ್ಲೆ, ಹಾಕಬೇಕು. ಹಳೆಯ ಶಿಮ್ ಸಾಕು ಎನ್ನುವವರು ಅಳೆಯಲು ಬಾರದವರು. ಹಿಂಚಕ್ರ ಚಾಲನೆಯಲ್ಲಿ ಕೆಲಸ ಇನ್ನೂ ನಾಜೂಕು: ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸುವ ಪುಟ್ಟ ಗೇರಾದ ಪಿನಿಯನ್ ನಡುವಿನ ಸಡಿಲವನ್ನು ಡಯಲ್ ಗೇಜ್ ಹಿಡಿದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆದು, ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಅಚ್ಚು ಹಲ್ಲಿನ ನಡುವೆ ಬೀಳುತ್ತಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ನೈಸ್ ರಸ್ತೆಯಲ್ಲಿ ಎಂಬತ್ತರ ವೇಗಕ್ಕೆ ಆಕ್ಸಲ್ ಊಳಿಡಲು ಶುರುಮಾಡುತ್ತದೆ. ಹಳೆಯ ಕಾರುಗಳಲ್ಲಿ ಸ್ಪೀಡೋಮೀಟರಿನ ಗೇರು ಡಿಫರೆನ್ಷಿಯಲ್ ಮೇಲೆಯೇ ಕೂತಿರುತ್ತದೆ. ಅದನ್ನು ಹೊಸದಕ್ಕೆ ವರ್ಗಾಯಿಸಲು ಮರೆತು, ಎಲ್ಲ ಜೋಡಿಸಿದ ಮೇಲೆ ಮತ್ತೆ ಬಿಚ್ಚಿದವರಿದ್ದಾರೆ.

ಮುಂಚಕ್ರ ಚಾಲನೆಯ ಕಾರಾದರೆ ಹೇಗೂ ಗೇರ್‌ಬಾಕ್ಸ್ ಕೆಳಗಿಳಿದಿರುವಾಗ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಆಯಿಲ್ ಸೀಲ್ ಬದಲಿಸಿಬಿಡಿ. ಕೂಲಿ ಒಂದೇ ಸಲದ್ದು.

ಪ್ರಿಲೋಡ್ ಎಷ್ಟಿಟ್ರೆ ಸರಿ? ರ‍್ಯಾಂಪ್ ಕೋನ ಯಾವುದು?

ರಸ್ತೆಗೂ ಬಳಸುವ ಕಾರಿಗೆ, ತಯಾರಕರು ಕೊಡುವ ವ್ಯಾಪ್ತಿಯ ಕೆಳತುದಿಯಿಂದ ಶುರುಮಾಡಿ. ಪ್ರಿಲೋಡ್ ಹೆಚ್ಚಿದಷ್ಟೂ, ಆಕ್ಸಿಲರೇಟರ್ ಒತ್ತದೆ ಬಿಡದೆ ಉರುಳುವ ಮಧ್ಯದ ಗಳಿಗೆಯಲ್ಲೂ ಕಾರು ನೇರಕ್ಕೇ ಹಟ ಮಾಡುತ್ತದೆ. ನಿಧಾನ ತಿರುವಿನ ನಡುವೆ ಮೂಗು ಹೊರಸರಿದರೆ ಪ್ರಿಲೋಡ್ ಇಳಿಸಿ. ಆಕ್ಸಿಲರೇಟರ್ ಒತ್ತುವ ಮೊದಲ ಕ್ಷಣದಲ್ಲಿ ಒಳಚಕ್ರ ಜಾರಿ ಆಮೇಲೆ ಫಕ್ಕನೆ ಹಿಡಿದುಕೊಂಡರೆ ತುಸು ಏರಿಸಿ. ರ‍್ಯಾಂಪ್ ಕೋನ, ಅಂದರೆ ತಟ್ಟೆಗಳನ್ನು ಒತ್ತುವ ಒಳಗಿನ ಇಳಿಜಾರಿನ ಕೋನ, ಪ್ರಿಲೋಡ್‌ನಂತಲ್ಲ, ಅದು ಟಾರ್ಕ್ ಏರಿದಂತೆ ಬೆಸುಗೆ ಎಷ್ಟು ಏರಬೇಕೆಂಬುದನ್ನು ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಕೋನ ಚಿಕ್ಕದಾದಷ್ಟೂ ಬೆಸುಗೆ ಗಟ್ಟಿ: ಮೂವತ್ತು ಡಿಗ್ರಿ ಬಿಗಿ, ಎಂಬತ್ತು ಡಿಗ್ರಿ ಸಡಿಲ. ಅಳೆಯುವ ಕ್ರಮ ತಯಾರಕರಿಂದ ತಯಾರಕರಿಗೆ ಬದಲಾಗಬಹುದಾದ್ದರಿಂದ ಅವರ ಪಟ್ಟಿಯನ್ನೇ ನಂಬಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಜೆ.ಸಿ. ರಸ್ತೆಯಲ್ಲಿ ಹಳೇ ಗೇರ್‌ಬಾಕ್ಸ್ ಸಿಕ್ಕಿದೆ, ಒಳಗೆ ಎಲ್‌ಎಸ್‌ಡಿ ಇದೆ ಅಂತಾರೆ. ನಂಬೋದು ಹೇಗೆ?

ಎರಡೂ ಕಡೆಯ ಡ್ರೈವ್‌ಶಾಫ್ಟ್ ತುದಿಗಳನ್ನು ಸಿಕ್ಕಿಸಿ, ಗೇರ್‌ಬಾಕ್ಸನ್ನು ನ್ಯೂಟ್ರಲ್‌ನಲ್ಲಿಟ್ಟು, ಒಂದನ್ನು ಕೈಯಿಂದ ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಒಳಗೆ ಪ್ರಿಲೋಡ್ ಇರುವ ಪ್ಲೇಟ್ ಎಲ್‌ಎಸ್‌ಡಿ ಇದೆ. ಎದುರು ದಿಕ್ಕಿಗೆ ತಿರುಗಿದರೆ ಮಾಮೂಲಿಯೂ ಇರಬಹುದು, ತಟ್ಟೆ ಸವೆದ ಪ್ಲೇಟೂ ಇರಬಹುದು, ಆರೋಗ್ಯವಂತ ಹೆಲಿಕಲ್ಲೂ ಇರಬಹುದು. ಟಾರ್ಕ್ ಇಲ್ಲದಾಗ ಹೆಲಿಕಲ್ ಮಾಮೂಲಿಯದರಂತೆಯೇ ನಡೆದುಕೊಳ್ಳುತ್ತದೆ. ಆಗ ಶಾಫ್ಟ್ ತೆಗೆದು ಟಾರ್ಚ್ ಬಿಟ್ಟು ನೋಡಬೇಕು: ಅಡ್ಡ ಕಡ್ಡಿ ಮತ್ತು ಪುಟ್ಟ ಬೆವೆಲ್ ಗೇರು ಕಂಡರೆ, ಕವಚದೊಳಗೆ ತಟ್ಟೆಗಳೂ ಕಾಣದಿದ್ದರೆ, ಅದು ಮಾಮೂಲಿಯೇ.

ಆಮೇಲೆ ಡ್ರೈನ್ ಪ್ಲಗ್ ಬಿಚ್ಚಿಸಿ. ಅದರಲ್ಲಿ ಅಯಸ್ಕಾಂತವಿದ್ದರೆ ತುದಿಗೆ ಅಂಟಿದ್ದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ. ಕಾಡಿಗೆಯಂತೆ ನುಣ್ಣಗಿರುವ ಬೂದು ಕೆಸರು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಹಲ್ಲಿನ ತುಣುಕು ಸಿಕ್ಕರೆ ಪ್ಲಗ್ಗನ್ನು ಒರೆಸಿ, ಅಂಗಡಿಯವರ ಕೈಗೆ ಕೊಟ್ಟು ಬನ್ನಿ.